ನೋವು ನಿಂತಿತೆಂದು ಸಮಾಧಾನಪಡುವ ಮೊದಲು

ಹಲ್ಲುನೋವು ತಾನಾಗಿಯೇ ನಿಂತರೆ ಹಲ್ಲು ಗುಣವಾಯಿತೆಂದು ತಿಳಿಯುವವರೇ ನಮ್ಮಲ್ಲಿ ಹೆಚ್ಚು. ಕೇರಳದ ಗಡಿನಾಡಾದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ನನ್ನ ಕ್ಲಿನಿಕ್ಕಿಗೆ ಬರುವವರು ಹೇಳುವ ಕಥೆ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಸಾಗುತ್ತದೆ. ಮಳೆಗಾಲದಲ್ಲಿ ತಣ್ಣೀರು ತಾಗಿದಾಗ ದವಡೆ ಹಲ್ಲು ಜುಮ್ಮೆಂದಿತು. ಅಡಿಕೆ ಕೊಯ್ಲಿನ ಹೊತ್ತಿಗೆ ರಾತ್ರಿ ನಿದ್ದೆಗೆಡಿಸುವ ನೋವು ಬಂತು. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು, ಮೆಡಿಕಲ್ಲಿನಿಂದ ಮಾತ್ರೆ ತಂದು ನುಂಗಿ ಹೇಗೋ ಸುಧಾರಿಸಿದ್ದಾಯಿತು. ಆಮೇಲೆ ನೋವು ಹೋಯಿತು. ಈಗ ಕೆನ್ನೆ ಬಾತಿದೆ. "ಮತ್ತೆ ಎಂತ ಬೇನೆಯೂ ಇತ್ತಿಲ್ಲೆ ಡಾಕ್ಟ್ರೇ" ಎಂದು ಅವರು ಆಶ್ಚರ್ಯದಿಂದ ಹೇಳುವ ಆ ಬೇನೆಯಿಲ್ಲದ ತಿಂಗಳುಗಳಲ್ಲೇ ಹಲ್ಲಿನ ಒಳಗಿನ ನರವೂ ರಕ್ತನಾಳವೂ ಸತ್ತುಹೋಗಿ, ಸೋಂಕು ಬೇರಿನ ತುದಿಯನ್ನು ದಾಟಿ ಎಲುಬಿಗೆ ಇಳಿದಿರುತ್ತದೆ. ನೋವು ಹುಟ್ಟಿಸಲು ಒಳಗೆ ಜೀವವೇ ಉಳಿದಿಲ್ಲವಾದ್ದರಿಂದ ನೋವು ನಿಂತಿರುತ್ತದೆ, ಅಷ್ಟೇ.

ಈ ವೃತ್ತಿಯಲ್ಲಿ ನಾನು ಜನರಿಗೆ ಮತ್ತೆ ಮತ್ತೆ ಹೇಳುವುದು ಇದನ್ನೇ: ಬಾಯಿಯ ಕಾಯಿಲೆಗಳು ಶುರುವಾಗುವಾಗ ನೋಯುವುದಿಲ್ಲ, ನೋಯುವ ಹೊತ್ತಿಗೆ ಅವು ಶುರುವಾಗಿ ಬಹಳ ಕಾಲ ಸಂದಿರುತ್ತದೆ. ಹಾಗಾಗಿ ನೋವನ್ನೇ ಕಾದು ಕುಳಿತವರಿಗೆ ಸಣ್ಣದರಲ್ಲಿ ಮುಗಿಯಬೇಕಾದ ಚಿಕಿತ್ಸೆ ದೊಡ್ಡದಾಗುತ್ತದೆ, ಖರ್ಚೂ ಅದರ ಜೊತೆಗೆ ಬೆಳೆಯುತ್ತದೆ.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ಶರೀರದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದರೊಳಗೆ ಜೀವಕೋಶಗಳೂ ಇಲ್ಲ, ನರಗಳೂ ಇಲ್ಲ. ಆದ್ದರಿಂದ ಅದು ಕರಗುವಾಗ ನಮಗೆ ಗೊತ್ತಾಗುವುದಿಲ್ಲ, ಒಮ್ಮೆ ಕುಳಿ ಬಿದ್ದ ಮೇಲೆ ಅದು ಮತ್ತೆ ಬೆಳೆಯುವುದೂ ಇಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮತ್ತು ಅದರ ಸಂಗಡಿಗರು, ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಮ್ಲವನ್ನು ಬಿಡುತ್ತವೆ. ಹಲ್ಲಿನ ಮೇಲಿನ ಅಂಟುಪದರದ ಪಿಎಚ್ (ಆಮ್ಲೀಯತೆಯ ಅಳತೆ, ಅದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲು ಆ ಆಮ್ಲವನ್ನು ತೊಳೆದು, ಕಳೆದ ಖನಿಜವನ್ನು ಸ್ವಲ್ಪಮಟ್ಟಿಗೆ ಹಿಂದಿರುಗಿಸುತ್ತದೆ. ಊಟದೊಡನೆ ಒಂದು ಹೋಳಿಗೆ ತಿಂದವನಿಗಿಂತ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಸಕ್ಕರೆ ಹಾಕಿದ ಚಹಾ ಕುಡಿಯುವವನ ಹಲ್ಲು ಹೆಚ್ಚು ಹಾಳಾಗುವುದು ಈ ಕಾರಣಕ್ಕೆ. ಅವನ ಜೊಲ್ಲಿಗೆ ರಿಪೇರಿಗೆ ಬೇಕಾದ ಬಿಡುವೇ ಸಿಗುವುದಿಲ್ಲ. 1945ರಿಂದ ಕೆಲವು ವರ್ಷಗಳ ಕಾಲ ಸ್ವೀಡನ್ನಿನ ವಿಪೆಹೋಮ್ ಎಂಬಲ್ಲಿ ನಡೆದ ಪ್ರಯೋಗಗಳಲ್ಲಿ, ಊಟಗಳ ನಡುನಡುವೆ ಅಂಟುವ ಮಿಠಾಯಿ ತಿಂದವರಲ್ಲಿ ಹುಳುಕು ಬಹಳವಾಗಿ ಏರಿದ್ದು ಕಂಡುಬಂತು. ಬುದ್ಧಿಮಾಂದ್ಯರೆಂದು ಆಸ್ಪತ್ರೆಯಲ್ಲಿ ಇರಿಸಿದ್ದವರಿಗೆ, ಅವರ ಒಪ್ಪಿಗೆಯ ಪ್ರಶ್ನೆಯೇ ಇಲ್ಲದೆ ಮಿಠಾಯಿ ತಿನ್ನಿಸಿ ಹಲ್ಲು ಕೆಡಿಸಿದ ಆ ಪ್ರಯೋಗವನ್ನು ಇಂದು ಯಾರೂ ಸಮರ್ಥಿಸಲಾರರು, ಆದರೆ ಅದು ತೋರಿಸಿಕೊಟ್ಟ ಸಂಗತಿ ಸುಳ್ಳಾಗಿಲ್ಲ.

ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ, ಬೆಲ್ಲ ಹಲ್ಲಿಗೆ ಏನೂ ಮಾಡುವುದಿಲ್ಲವೆಂಬ ನಂಬಿಕೆಯನ್ನು ಬಿಡುವುದು ಒಳ್ಳೆಯದು. ಬ್ಯಾಕ್ಟೀರಿಯಾಗಳಿಗೆ ಬೆಲ್ಲವೂ ಸಕ್ಕರೆಯೇ. ಹಲಸಿನ ಹಣ್ಣನ್ನು ಬೆಲ್ಲದಲ್ಲಿ ಕಾಯಿಸಿ ಭರಣಿಯಲ್ಲಿಟ್ಟ ಬೆರಟಿಯನ್ನು ಮಕ್ಕಳು ಚಮಚದಲ್ಲಿ ತೆಗೆದು ನೆಕ್ಕುತ್ತ ಅಂಗಳದಲ್ಲಿ ಓಡಾಡುವುದಕ್ಕೂ, ಅದನ್ನೇ ಪಾಯಸ ಮಾಡಿ ಊಟದ ಎಲೆಯಲ್ಲಿ ಬಡಿಸುವುದಕ್ಕೂ ಹಲ್ಲಿನ ದೃಷ್ಟಿಯಿಂದ ಬಹಳ ವ್ಯತ್ಯಾಸವಿದೆ. ಬೆರಟಿ ಬೇಡವೆಂದು ನಾನು ಹೇಳಲಾರೆ. ಹೇಳಿದರೆ ಮನೆಯಲ್ಲೇ ಯಾರೂ ಕೇಳುವುದಿಲ್ಲ.

ಹುಳುಕು ಎನಾಮಲ್ಲಿನಲ್ಲೇ ಇರುವಾಗ ಅದು ಸುಣ್ಣದ ಹಾಗೆ ಬೆಳ್ಳಗೆ ಮಂಕಾದ ಒಂದು ಗುರುತು ಮಾತ್ರ. ಫ್ಲೋರೈಡ್ ಇರುವ ಪೇಸ್ಟಿನಿಂದ, ವೈದ್ಯರು ಹಚ್ಚುವ ಫ್ಲೋರೈಡ್ ವಾರ್ನಿಶ್‌ನಿಂದ ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಅದರ ಕೆಳಗಿನ ಡೆಂಟಿನ್ ಪದರಕ್ಕೆ ಇಳಿದರೆ ತಣ್ಣಗಿನದು, ಸಿಹಿಯಾದದ್ದು ತಾಗಿದಾಗ ಕ್ಷಣಮಾತ್ರ ಜುಮ್ಮೆನ್ನುತ್ತದೆ. ಜನ ಸಿಮೆಂಟ್ ಹಾಕಿಸುವುದೆಂದು ಹೇಳುವ ಫಿಲ್ಲಿಂಗ್‌ನಲ್ಲಿ, ಒಂದೇ ಸಲದಲ್ಲಿ, ಅಷ್ಟರಲ್ಲೇ ಅದು ಮುಗಿಯುತ್ತದೆ. ಡೆಂಟಿನ್ ಎನಾಮಲ್ಲಿಗಿಂತ ಮೆದು. ಆದ್ದರಿಂದ ಹುಳುಕು ಅಲ್ಲಿ ಅಗಲವಾಗಿ ಹರಡುತ್ತದೆ, ಮೇಲಿನಿಂದ ನೋಡಿದರೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುವ ಹಲ್ಲು ಗೆದ್ದಲು ಹಿಡಿದ ಪಕ್ಕಾಸಿನಂತೆ ಒಳಗೆಲ್ಲ ಟೊಳ್ಳಾಗಿರುತ್ತದೆ. "ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಸಿಮೆಂಟಾ?" ಎಂದು ಕೇಳುವವರಿಗೆ ನಾನು ಎಕ್ಸ್‌ರೇಯನ್ನು ತೋರಿಸಿಬಿಡುತ್ತೇನೆ.

ಬಿಸಿ ಚಹಾ ಕುಡಿದಾಗ ಶುರುವಾದ ನೋವು ಲೋಟ ಕೆಳಗಿಟ್ಟು ಹತ್ತು ನಿಮಿಷವಾದರೂ ಇಳಿಯದಿದ್ದರೆ, ಮಲಗಿದೊಡನೆ ಜಾಸ್ತಿಯಾದರೆ, ಕಿವಿಯವರೆಗೆ ಸೆಳೆದು ಯಾವ ಹಲ್ಲೆಂದು ಬೆರಳಿಟ್ಟು ತೋರಿಸಲಾಗದಿದ್ದರೆ, ನರವೂ ರಕ್ತನಾಳವೂ ಇರುವ ಒಳಗಿನ ತಿರುಳಿಗೆ ಸೋಂಕು ತಲುಪಿದೆ ಎಂದರ್ಥ. ಗಟ್ಟಿ ಗೋಡೆಗಳ ನಡುವೆ ಬಾತುಕೊಳ್ಳಲು ಜಾಗವಿಲ್ಲದ ಕಾರಣ ಆ ನೋವು ಅಷ್ಟು ತೀವ್ರವಾಗಿರುತ್ತದೆ. ಈ ಹಂತದಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ಕೆಲಸ ಮಾಡುವುದಿಲ್ಲ. ರಕ್ತ ಸಂಚಾರವೇ ಕುಂದಿರುವ ತಿರುಳಿಗೆ ಮದ್ದು ತಲುಪುವುದಾದರೂ ಹೇಗೆ? ಹಳೆಯ ಚೀಟಿಯನ್ನು ತೋರಿಸಿ ಅದೇ ಮಾತ್ರೆಯನ್ನು ಮತ್ತೆ ಮತ್ತೆ ತರಿಸಿಕೊಳ್ಳುವವರನ್ನು ಕಂಡಾಗ ನನಗೆ ಬರುವ ಸಿಟ್ಟು ಅವರ ಮೇಲಲ್ಲ, ಕೇಳಿದವರಿಗೆಲ್ಲ ಕೊಟ್ಟು ಕಳಿಸುವ ಪದ್ಧತಿಯ ಮೇಲೆ. ಮಾತ್ರೆ ಹಲ್ಲಿನ ಬುಡದಲ್ಲಿಟ್ಟರೆ ನೋವು ಬೇಗ ಇಳಿಯುತ್ತದೆಂದು ಆಸ್ಪಿರಿನ್ ಇಟ್ಟುಕೊಂಡು ಕೆನ್ನೆಯ ಒಳಚರ್ಮ ಸುಟ್ಟುಕೊಂಡು ಬರುವವರೂ ಇದ್ದಾರೆ.

ಇಲ್ಲಿಂದ ಮುಂದೆ ಎರಡೇ ದಾರಿ, ರೂಟ್ ಕೆನಾಲ್ ಅಥವಾ ಹಲ್ಲು ಕೀಳಿಸುವುದು. ರೂಟ್ ಕೆನಾಲ್ ಎಂದರೆ ಭಯಪಡುವವರು ಬಹಳ, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು. ಮೊದಲು ಇಂಜೆಕ್ಷನ್ ಕೊಟ್ಟು ಜಾಗವನ್ನು ಮರಗಟ್ಟಿಸುತ್ತೇವೆ. ಹಲ್ಲಿನ ಮೇಲ್ಭಾಗದಿಂದ ತಿರುಳಿನ ಕೋಣೆಗೆ ಬಾಗಿಲು ತೆರೆದು, ಒಂದೊಂದು ಬೇರಿನೊಳಗೂ ಇರುವ ಕೂದಲೆಳೆಯಂಥ ಕಾಲುವೆಗಳನ್ನು ಹುಡುಕುತ್ತೇವೆ. ದವಡೆ ಹಲ್ಲಿನಲ್ಲಿ ಅವು ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು. ಫೈಲ್ ಎಂಬ ಸಪೂರ ಅರಗಳಿಂದ ಅವುಗಳ ಗೋಡೆಯನ್ನು ಕೆರೆದು, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ತೊಳೆದು, ಒಣಗಿಸಿ, ಗಟ್ಟಾ ಪರ್ಚಾ ಎಂಬ ವಸ್ತುವಿನಿಂದ ತುದಿಯವರೆಗೆ ತುಂಬುತ್ತೇವೆ. ನಮ್ಮ ಗುಡ್ಡಗಳ ರಬ್ಬರಿನಂತೆ ಇದೂ ಒಂದು ಮರದ ಹಾಲಿನಿಂದ ಬರುವಂಥದು, ಮರ ಮಾತ್ರ ಬೇರೆ. ತಿರುಳು ತೆಗೆದ, ಅರ್ಧಕ್ಕರ್ಧ ಸವೆದ ಹಲ್ಲು ಅಗಿಯುವಾಗ ಸೀಳಿಹೋಗುವ ಸಾಧ್ಯತೆ ಇರುವುದರಿಂದ ದವಡೆ ಹಲ್ಲಾದರೆ ಮೇಲೊಂದು ಕ್ಯಾಪ್ ಬೇಕು. ನೋವು ಹೋದೊಡನೆ ಕ್ಯಾಪಿಗೆ ಬಾರದೆ ಮಾಯವಾಗಿ, ವರ್ಷದ ಬಳಿಕ ಎರಡು ಹೋಳಾದ ಹಲ್ಲನ್ನು ಹಿಡಿದು ಬರುವವರಿಗೆ ಕೀಳುವುದಲ್ಲದೆ ಬೇರೇನೂ ಮಾಡಲಾಗುವುದಿಲ್ಲ. ಮತ್ತೆ ಅದೇ ಮಾತು: ನೋವಿಲ್ಲ, ಆದ್ದರಿಂದ ಕೆಲಸ ಮುಗಿಯಿತು ಎಂಬ ಲೆಕ್ಕ.

ಕೆಳದವಡೆಯ ಅಡಿಯಲ್ಲಿ, ಕುತ್ತಿಗೆಯ ಕಡೆಗೆ ಬಾವು ಹರಡುತ್ತಿದ್ದರೆ, ಜ್ವರವಿದ್ದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವೆನಿಸಿದರೆ ಹಲ್ಲಿನ ಕ್ಲಿನಿಕ್ಕಿಗಾಗಿ ಕಾಯಬಾರದು, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಲ್ಲಿನ ಕೀವು ಶ್ವಾಸನಾಳವನ್ನು ಒತ್ತಿ ಪ್ರಾಣಕ್ಕೇ ಅಪಾಯ ತರುವುದುಂಟು.

ಮಕ್ಕಳ ವಿಷಯಕ್ಕೆ ಬಂದರೆ, ತಾಯಂದಿರು ಅತ್ಯಂತ ಸಹಜವಾಗಿ ಹೇಳುವ ಮಾತು, "ಹೇಗೂ ಬೀಳುವ ಹಲ್ಲಲ್ವಾ ಡಾಕ್ಟ್ರೇ, ತೆಗ್ದುಬಿಡಿ." ಹಾಲುಹಲ್ಲು ಇಪ್ಪತ್ತು, ಆರು ತಿಂಗಳ ಸುಮಾರಿಗೆ ಬರತೊಡಗಿ ಎರಡೂವರೆ, ಮೂರು ವರ್ಷದೊಳಗೆ ಪೂರ್ಣವಾಗುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ಅಗಿಯುವ ಹಾಲುಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೆ ಇರಬೇಕು. ಐದನೇ ವಯಸ್ಸಿಗೇ ಅವನ್ನು ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ದಾರಿಯಿಲ್ಲದೆ ಅದು ವಕ್ರವಾಗಿ ಬರುತ್ತದೆ. ಆದ್ದರಿಂದ ಮಕ್ಕಳಲ್ಲೂ ತಿರುಳಿನ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕುತ್ತೇವೆ. ಕೀಳಲೇಬೇಕಾಗಿ ಬಂದರೆ ಆ ಜಾಗ ಮುಚ್ಚದಂತೆ ಕಾಯುವ ಸಣ್ಣದೊಂದು ತಂತಿಯ ಸಾಧನವನ್ನು ಕೂಡಿಸುತ್ತೇವೆ.

ಇದಕ್ಕಿಂತ ದೊಡ್ಡ ನಷ್ಟ ಆರನೇ ವಯಸ್ಸಿನಲ್ಲಿ ಆಗುತ್ತದೆ. ಆ ಪ್ರಾಯದಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಹಲ್ಲು ಬಿದ್ದ ಜಾಗದಲ್ಲಿ ಬಂದದ್ದಲ್ಲವಾದ್ದರಿಂದ ಅದೂ ಹಾಲುಹಲ್ಲೇ ಎಂದು ಮನೆಯವರು ಭಾವಿಸುತ್ತಾರೆ. ಬಾಯಿಯ ಮೂಲೆಯಲ್ಲಿರುವ, ಮೇಲ್ಮೈಯಲ್ಲಿ ಆಳವಾದ ಗೀರುಗಳಿರುವ ಆ ಹಲ್ಲನ್ನು ಮಗುವಿನ ಬ್ರಷ್ ತಲುಪುವುದೂ ಇಲ್ಲ. ಎರಡನೇ ತರಗತಿಯ ಹುಡುಗಿಯೊಬ್ಬಳ ಬಾಯಿಯನ್ನು ಈಚೆಗೆ ನೋಡುವಾಗ, ಕನ್ನಡಿಯನ್ನು ಕೆನ್ನೆಯ ಒಳಗೆ ಸರಿಸಿದೊಡನೆ ಕಂಡದ್ದು ಕೆಳಗಿನ ಎರಡೂ ಬದಿಯ ಆ ಹಲ್ಲುಗಳಲ್ಲಿ ಕಂದು ಬಣ್ಣದ, ಸಲಾಕೆ ಇಟ್ಟರೆ ಮೆತ್ತಗೆ ತಗ್ಗುವ ಕುಳಿಗಳು, ಒಂದರಲ್ಲಿ ಬೆಳಗಿನ ಅವಲಕ್ಕಿಯ ಚೂರು. ಅವಳು ನೋವೆಂದು ಯಾರಲ್ಲೂ ಹೇಳಿರಲಿಲ್ಲ. ಗಟ್ಟಿ ತಿಂಡಿ ಬೇಡವೆನ್ನುತ್ತಿದ್ದಳು, ಅದನ್ನು ಮನೆಯಲ್ಲಿ ಹಟವೆಂದು ತಿಳಿದಿದ್ದರು. ಆ ಹಲ್ಲು ಮೂಡಿದೊಡನೆ ಗೀರುಗಳನ್ನು ಸೀಲೆಂಟ್ ಎಂಬ ತೆಳುವಾದ ರಾಳದಿಂದ ಮುಚ್ಚಿಸಿದ್ದರೆ, ಕೊರೆಯುವ ಕೆಲಸವೂ ಇಂಜೆಕ್ಷನ್ನೂ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಆರು ವರ್ಷದ ಮಗುವಿರುವ ಮನೆಯವರು ಈ ಬರಹದಿಂದ ಇಷ್ಟನ್ನು ನೆನಪಿಟ್ಟರೂ ನನಗೆ ಸಾಕು.

ಇನ್ನೂ ಚಿಕ್ಕ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳು ಸಾಲಾಗಿ ಕರಗಿಹೋಗುವುದು ಹೆಚ್ಚಾಗಿ ರಾತ್ರಿ ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುವುದರಿಂದ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಲು ಹಲ್ಲಿನ ಸುತ್ತ ನಿಂತುಬಿಡುತ್ತದೆ. ಕೊರೆಯಲು ಬಿಡದ ಪುಟ್ಟ ಮಕ್ಕಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ನಿಲ್ಲಿಸಬಹುದು. ಹುಳುಕಿದ ಭಾಗ ಕಾಯಂ ಕಪ್ಪಾಗುತ್ತದೆಂಬುದನ್ನು ಮೊದಲೇ ಹೇಳಿ, ಮನೆಯವರು ಒಪ್ಪಿದ ಮೇಲೆಯೇ ಹಚ್ಚುತ್ತೇನೆ. ಮೊದಲ ಹಲ್ಲು ಬಂದಂದಿನಿಂದಲೇ ಬ್ರಷ್ ಶುರುವಾಗಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಹಿಂಡಬೇಕಾಗಿಲ್ಲ. ಏಳೆಂಟು ವರ್ಷದವರೆಗೆ ದೊಡ್ಡವರು ಕೈಹಿಡಿದು ಉಜ್ಜಿಸಲೇಬೇಕು.

ಫ್ಲೋರೈಡ್ ವಿಷವೆಂದು ವಾಟ್ಸ್ಯಾಪಿನಲ್ಲಿ ಬರುವ ಸಂದೇಶಗಳನ್ನು ನನಗೆ ತೋರಿಸುವವರಿದ್ದಾರೆ. ಕುಡಿಯುವ ನೀರಿನಲ್ಲೇ ಅದು ಮಿತಿಮೀರಿದ ಪಾವಗಡದಂಥ ಊರುಗಳಲ್ಲಿ, ಕೇರಳದಲ್ಲಾದರೆ ಪಾಲಕ್ಕಾಡಿನ ಕೆಲವು ಭಾಗಗಳಲ್ಲಿ, ಹಲ್ಲಿನ ಮೇಲೆ ಕಂದು ಕಲೆ ಬೀಳುವುದೂ ಮೂಳೆ ಬಾಗುವುದೂ ನಿಜವೇ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕಾಗಿಯೇ. ಜೀವಮಾನವಿಡೀ ಅಂಥ ನೀರು ಕುಡಿಯುವುದಕ್ಕೂ, ಬಟಾಣಿಯಷ್ಟು ಪೇಸ್ಟ್ ಉಜ್ಜಿ ಉಗಿಯುವುದಕ್ಕೂ ಸಂಬಂಧ ಕಟ್ಟಬಾರದು.

ಶಾಲೆಯ ಅಂಗಳದಲ್ಲಿ ಬಿದ್ದು ಶಾಶ್ವತ ಹಲ್ಲು ಬುಡಸಮೇತ ಹೊರಬಂದರೆ, ಅದನ್ನು ಹೊಳೆಯುವ ಭಾಗದಿಂದಲೇ ಹಿಡಿದು, ಬೇರನ್ನು ಮುಟ್ಟದೆ, ಮಣ್ಣಾಗಿದ್ದರೆ ಉಜ್ಜದೆ ನೀರಿನಲ್ಲೊಮ್ಮೆ ಅದ್ದಿ ತೆಗೆದು, ಸಾಧ್ಯವಾದರೆ ಅದೇ ಕುಳಿಗೆ ತಿರುಗಿ ಕೂಡಿಸಬೇಕು. ಧೈರ್ಯವಿಲ್ಲದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಅರ್ಧ, ಮುಕ್ಕಾಲು ಗಂಟೆಯೊಳಗೆ ತರಬೇಕು. ಎಳನೀರಾಗುತ್ತದೆಯೇ ಎಂದು ನಮ್ಮೂರಿನವರು ಕೇಳುತ್ತಾರೆ. ಎಳನೀರು ತುಸು ಆಮ್ಲೀಯ, ಹಾಲೇ ಮೇಲು. ಬಿದ್ದದ್ದು ಹಾಲುಹಲ್ಲಾದರೆ ತಿರುಗಿ ಕೂಡಿಸಬಾರದು, ಕೆಳಗಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ.

ದೊಡ್ಡವರು ಹಲ್ಲು ಕಳೆದುಕೊಳ್ಳುವುದಕ್ಕೆ ಹುಳುಕಿನಷ್ಟೇ ಒಸಡಿನ ರೋಗವೂ ಕಾರಣ, ಅದಂತೂ ಕೊನೆಯವರೆಗೂ ನೋಯುವುದೇ ಅಪರೂಪ. ಉಜ್ಜುವಾಗ ರಕ್ತ ಬಂದರೆ ಹೆಚ್ಚಿನವರು ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಉಳಿದ ಕೊಳೆ ಗಟ್ಟಿಯಾಗಿ ಪಾಚಿಗಲ್ಲಾಗಿ ಒಸಡಿನ ಕೆಳಗೆ ಇಳಿದರೆ ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತ ಹೋಗುತ್ತದೆ, ಕರಗಿದ ಎಲುಬು ಮರಳುವುದಿಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಓದಿದವರೂ ಅದನ್ನೇ ಹೇಳುತ್ತಾರೆ. ಎಲುಬು ಮೊದಲೇ ಕರಗಿರುತ್ತದೆ. ಸಂದುಗಳನ್ನು ತುಂಬಿಕೊಂಡಿದ್ದ ಪಾಚಿಗಲ್ಲನ್ನು ತೆಗೆದಾಗ ಆ ಸಡಿಲವೂ ಸಂದೂ ಕಣ್ಣಿಗೆ ಬೀಳುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ರೋಗ ಬೇಗ ಏರುತ್ತದೆ, ಒಸಡಿನ ರೋಗವಿದ್ದರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟವಾಗುತ್ತದೆ.

ಹಿಂದೆ ಇಲ್ಲಿನ ಮನೆಗಳಲ್ಲಿ ಹಲ್ಲುಜ್ಜಲು ಇದ್ದದ್ದು ಮಾವಿನೆಲೆ, ಭತ್ತದ ಉಮಿಯನ್ನು ಸುಟ್ಟು ಮಾಡಿದ ಉಮಿಕರಿ. ನಡುವಿನ ದಂಟನ್ನು ಸೀಳಿ ತೆಗೆದು, ಎಲೆಯನ್ನು ಸುರುಳಿ ಸುತ್ತಿ ಉಜ್ಜುವ ಹಿರಿಯರ ಬಗ್ಗೆ ನನಗೆ ತಕರಾರಿಲ್ಲ. ಉಮಿಕರಿಯ ಮೇಲೆ ಇದೆ. ಅದರಲ್ಲಿರುವ ಸಿಲಿಕಾ ಎನಾಮಲ್ಲನ್ನು ಅರದ ಹಾಗೆ ತೇಯುತ್ತದೆ. ಒಸಡಿನ ಅಂಚಿನಲ್ಲಿ ಮಚ್ಚಿನಿಂದ ಕಚ್ಚು ಹಾಕಿದಂತೆ ಸವೆದ ಹಲ್ಲುಗಳು ಅದರ ಗುರುತು. ಈಗ ಅದೇ ಇದ್ದಿಲು, ಬಣ್ಣದ ಟ್ಯೂಬಿನಲ್ಲಿ ದುಬಾರಿ ಬೆಲೆಗೆ ಹಿಂತಿರುಗಿ ಬಂದಿದೆ.

ಅಡಿಕೆಯ ಬಗ್ಗೆ ಬರೆಯುವುದು ಅಡಿಕೆ ತೋಟಗಳ ನಡುವೆ ಬದುಕುವವರಿಗೆ ಸುಲಭವಲ್ಲ, ನಮ್ಮ ಮನೆಯ ಅನ್ನವೂ ಅದರಿಂದಲೇ ಬಂದದ್ದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ ಎಂಬುದನ್ನು ಮರೆಮಾಚಲಾಗದು. ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಎಲೆಯಡಿಕೆ ಹಾಕುತ್ತೇನೆ ಎನ್ನುವವರ ಬಾಯಲ್ಲೂ ಕೆನ್ನೆಯ ಒಳಪದರ ಬೆಳ್ಳಗಾಗಿ, ಬಿಗಿದ ನಾರಿನ ಪಟ್ಟಿಗಳಾಗುವುದನ್ನು ಬೆರಳಿನಿಂದ ಮುಟ್ಟಿ ಕಂಡಿದ್ದೇನೆ. ಅದರ ಮೊದಲ ಸೂಚನೆ ಖಾರದ ಸಾರು ತಾಗಿದರೆ ಬಾಯಿ ಉರಿಯುವುದು. ಆಮೇಲೆ ಬಾಯಿ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಬಾಯಿಯೊಳಗೆ ಇಡಲಾಗದಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತಡಮಾಡದೆ ತೋರಿಸಬೇಕು, ನೋವಿಲ್ಲದಿದ್ದರೂ.

ಖರ್ಚಿನ ಹೆದರಿಕೆಯಿಂದ ಮುಂದೂಡುವವರಿಗೆ ಒಂದು ಮಾತು. ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಕಡೆಯ ದಂತ ವೈದ್ಯಕೀಯ ಕಾಲೇಜುಗಳಲ್ಲಾಗಲಿ, ನಮ್ಮ ಜಿಲ್ಲೆಯ ಪೊಯಿನಾಚಿಯಲ್ಲಾಗಲಿ, ಅಧ್ಯಾಪಕರ ಕಣ್ಣಮುಂದೆ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆ ತಗಲುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಮಂಗಳೂರನ್ನೇ ನಂಬಿದ ನಾವು 2020ರಲ್ಲಿ ಕೊರೊನಾದ ಕಾರಣ ಕರ್ನಾಟಕವು ತಲಪಾಡಿ ಗಡಿ ಮುಚ್ಚಿದಾಗ ಎಲ್ಲ ಕಾಯಿಲೆಗಳಿಗೂ ಪಟ್ಟ ಪಾಡು ಗೊತ್ತೇ ಇದೆ. ಗಡಿನಾಡಿನವರಿಗೆ ಇನ್ನೊಂದು ತೊಂದರೆ, ಹಲ್ಲು ಕಿತ್ತ ಮೇಲೆ ಕೈಗೆ ಕೊಡುವ ಸೂಚನೆಯ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದು. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದನ್ನು ಮಡಚಿ ಕಿಸೆಗೆ ಹಾಕಿ, ಮನೆಗೆ ತಲುಪಿದೊಡನೆ ಬಾಯಿ ಮುಕ್ಕಳಿಸಿ, ಹೆಪ್ಪುಗಟ್ಟಿದ ರಕ್ತವನ್ನು ತೊಳೆದುಕೊಂಡು ಮತ್ತೆ ರಕ್ತ ಸುರಿಸುತ್ತ ಬರುತ್ತಾರೆ. ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು, ಒಂದು ದಿನ ಮುಕ್ಕಳಿಸಲೂಬಾರದು ಉಗುಳಲೂಬಾರದು, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಇಷ್ಟನ್ನು ನಾನು ಕನ್ನಡದಲ್ಲಿ ಬರೆದು ಅಚ್ಚು ಹಾಕಿಸಿಟ್ಟಿದ್ದೇನೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಿ ಬರಬಾರದು. ಮಾತ್ರೆಯ ಚೀಟಿ ತಂದು ತೋರಿಸಿದರೆ ಏನು ಮಾಡಬೇಕೆಂದು ಇಬ್ಬರು ವೈದ್ಯರು ಮಾತಾಡಿಕೊಳ್ಳುತ್ತಾರೆ.

ಹೋದ ಹಲ್ಲಿನ ಜಾಗಕ್ಕೆ ಎಲುಬಿನೊಳಗೆ ತಿರುಪು ಕೂಡಿಸಿ ಇಂಪ್ಲಾಂಟ್ ಹಾಕಿಸುವುದೋ, ಅಕ್ಕಪಕ್ಕದ ಹಲ್ಲನ್ನು ತೇದು ಬ್ರಿಜ್ ಕೂಡಿಸುವುದೋ, ತೆಗೆದಿಡುವ ಸೆಟ್ ಮಾಡಿಸುವುದೋ ಎಂಬುದು ಎಲುಬು, ಪ್ರಾಯ, ಕೈಯಲ್ಲಿರುವ ಹಣ ಇವನ್ನೆಲ್ಲ ನೋಡಿ ನಿರ್ಧರಿಸಬೇಕಾದದ್ದು. ಎಲ್ಲರಿಗೂ ಇಂಪ್ಲಾಂಟೇ ಉತ್ತಮವೆಂಬ ಈಗಿನ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಸೆಟ್ ಮಾಡಿಸಿಕೊಂಡವರು ರಾತ್ರಿ ಅದನ್ನು ತೆಗೆದು ನೀರಿನಲ್ಲಿಡಬೇಕು, ಎಲುಬು ಸವೆದಂತೆ ಅದು ಕೆಲವು ವರ್ಷಗಳಲ್ಲಿ ಸಡಿಲವಾಗುವುದು ಸಹಜ. ಸಡಿಲವಾದದ್ದನ್ನೋ ಮುರಿದದ್ದನ್ನೋ ಹಾಗೆಯೇ ತಂದರೆ ಸರಿಪಡಿಸಬಹುದು. ಅಂಗಡಿಯ ಅಂಟು ಹಾಕಿ, ಕತ್ತಿಯಿಂದ ಕೆರೆದು ತಂದದ್ದನ್ನು ಮಾತ್ರ ಹೊಸದಾಗಿಯೇ ಮಾಡಬೇಕಾಗುತ್ತದೆ.